ಅಗ್ಗದ ಪಿಸ್ತೂಲಿನ ಕೆಟ್ಟ ಹೆಸರು: ಎಷ್ಟು ನಿಜ, ಎಷ್ಟು ಹಳೇ ಬಾಕಿ?

ಅಮೆರಿಕದ ಒಹಾಯೊ ರಾಜ್ಯದಲ್ಲಿ ಹೈ-ಪಾಯಿಂಟ್ ಅನ್ನುವ ಬಂದೂಕು ಕಂಪನಿಯೊಂದಿದೆ. ಅದರ ಸಿ-9 ಪಿಸ್ತೂಲಿನ ಬೆಲೆ 200 ಡಾಲರ್ ಆಸುಪಾಸು. ಅದೇ 9 ಎಂಎಂ ಗುಂಡು ಹಾರಿಸುವ, ಆಸ್ಟ್ರಿಯಾ ಮೂಲದ ಗ್ಲಾಕ್ ಕಂಪನಿಯ ಪಿಸ್ತೂಲು ಬೇಕೆಂದರೆ 500ರಿಂದ 600 ಡಾಲರ್ ಎಣಿಸಬೇಕು. ಬಂದೂಕಿನ ಹುಚ್ಚಿರುವವರ ಗುಂಪಿನಲ್ಲಿ ಹೈ-ಪಾಯಿಂಟ್ ಹೆಸರೆತ್ತಿದರೆ ಸಾಕು, ನಗು ಶುರುವಾಗುತ್ತದೆ. ಇಟ್ಟಿಗೆ ಅಂತಾರೆ, ಗುಂಡು ಮುಗಿದ ಮೇಲೆ ಎಸೆಯೋಕೆ ಒಳ್ಳೇದು ಅಂತಾರೆ. 2019ರಲ್ಲಿ ಕಂಪನಿ ತನ್ನ ಹೊಸ ಪಿಸ್ತೂಲಿಗೆ ಹೆಸರು ಸೂಚಿಸಿ ಎಂದು ಜನರನ್ನೇ ಕೇಳಿತು. ‘ಬೀಸಿ ಎಸೆಯುವ ಫಿರಂಗಿ’ ಅನ್ನೋ ಅರ್ಥದ ‘ಯೀಟ್ ಕ್ಯಾನನ್’ ಎಂಬ ಗೇಲಿ ಹೆಸರೇ ಮತದಾನದಲ್ಲಿ ಗೆದ್ದಿತು. ಕಂಪನಿಯೂ ನಕ್ಕು ಒಪ್ಪಿಕೊಂಡಿತು.

ನಗುವವರನ್ನು ಸ್ವಲ್ಪ ತಡೆದು ಕೇಳಿ: ಏನು ತೊಂದರೆ ಇದರಲ್ಲಿ? ಉತ್ತರಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಒಬ್ಬರು ‘ಜಾಮ್ ಆಗುತ್ತೆ’ ಎನ್ನುತ್ತಾರೆ. ಇನ್ನೊಬ್ಬರು ‘ಕೈಯಿಂದ ಬಿದ್ದರೆ ತಾನಾಗೇ ಗುಂಡು ಹಾರುತ್ತೆ’ ಎನ್ನುತ್ತಾರೆ. ಮೂರನೆಯವರಿಗೆ ಅದು ‘ಕಳ್ಳಕಾಕರ ಪಿಸ್ತೂಲು’. ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆ, ಇಟ್ಟುಕೊಂಡವನಿಗೇ ಅಪಾಯವೋ ಅನ್ನುವುದು ಇನ್ನೊಂದು, ಯಾರ ಕೈಗೆ ಸೇರುತ್ತದೆ ಅನ್ನುವುದು ಮತ್ತೊಂದು. ಅಗ್ಗದ ಪಿಸ್ತೂಲಿನ ಚರ್ಚೆ ಐವತ್ತು ವರ್ಷಗಳಿಂದ ಗೋಜಲಾಗಿರುವುದೇ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿರುವುದರಿಂದ. ಬಿಡಿಸಿ ನೋಡಿದರೆ ನನಗೆ ಕಾಣುವುದಿಷ್ಟು: ಒಂದು ಕಾಲದ ಅಗ್ಗದ ಪಿಸ್ತೂಲುಗಳು ಆ ಕೆಟ್ಟ ಹೆಸರನ್ನು ದುಡಿದೇ ಸಂಪಾದಿಸಿದ್ದವು. ಇವತ್ತಿನವು ಹೆಚ್ಚಾಗಿ ಅವುಗಳ ಸಾಲ ತೀರಿಸುತ್ತಿವೆ. ಬೆಲೆಯ ಚೀಟಿ ನೋಡಿ ಸುರಕ್ಷತೆ ಅಳೆಯುವ ಅಭ್ಯಾಸ ಮಾತ್ರ ಅಂದೂ ತಪ್ಪು, ಇಂದೂ ತಪ್ಪು.

ಕಥೆ 1968ರಿಂದ ಶುರುವಾಗುತ್ತದೆ. ಆ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದರು. ಅದರ ಬೆನ್ನಿಗೇ ಬಂದ ಗನ್ ಕಂಟ್ರೋಲ್ ಕಾಯ್ದೆ, ಹೊರದೇಶದಿಂದ ಬರುತ್ತಿದ್ದ ಪುಟ್ಟ, ಅಗ್ಗದ ಪಿಸ್ತೂಲುಗಳಿಗೆ ಬಾಗಿಲು ಹಾಕಿತು. ‘ಕ್ರೀಡೆಗೆ ತಕ್ಕುದು’ ಅನ್ನಿಸದ ಪಿಸ್ತೂಲನ್ನು ಆಮದು ಮಾಡುವ ಹಾಗಿಲ್ಲ. ಅದಕ್ಕೆ ಅಂಕಪಟ್ಟಿಯೂ ಬಂತು: ಉದ್ದ, ತೂಕ, ಸೇಫ್ಟಿ (ತಪ್ಪಿ ಗುಂಡು ಹಾರದಂತೆ ತಡೆಯುವ ಕೀಲಿ), ಇವಕ್ಕೆಲ್ಲ ಇಷ್ಟಿಷ್ಟು ಅಂಕ. ಪಿಸ್ತೂಲಿಗೆ ಪಾಸಾಗಲು 75 ಅಂಕ ಬೇಕು. ಆದರೆ ಈ ಪರೀಕ್ಷೆ ಆಮದಿಗೆ ಮಾತ್ರ. ಅಮೆರಿಕದ ಒಳಗೇ ಅಂಥದ್ದೇ ಪಿಸ್ತೂಲು ತಯಾರಿಸಿದರೆ ಕೇಳುವವರಿಲ್ಲ!

ಇಷ್ಟು ದೊಡ್ಡ ಕಿಂಡಿ ಬಿಟ್ಟರೆ ವ್ಯಾಪಾರಿಗಳು ಸುಮ್ನೆ ಇರ್ತಾರಾ? ಜರ್ಮನಿಯ ರೋಮ್ ಕಂಪನಿಯ ಅಗ್ಗದ ರಿವಾಲ್ವರುಗಳು ಬಿಡಿಭಾಗಗಳಾಗಿ ಬಂದು ಮಯಾಮಿಯಲ್ಲಿ ಜೋಡಣೆಯಾಗತೊಡಗಿದವು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದ್ದು ಇಂಥದ್ದೇ ಒಂದು ಆರ್‌ಜಿ-14 ರಿವಾಲ್ವರಿನಿಂದ. ಡಲ್ಲಾಸ್‌ನ ಗಿರವಿ ಅಂಗಡಿಯೊಂದರಲ್ಲಿ ಕೊಂಡದ್ದು ಅದು. ಇನ್ನೊಂದು ಕಡೆ ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಜೆನಿಂಗ್ಸ್ 1970ರಲ್ಲಿ ರೇವನ್ ಆರ್ಮ್ಸ್ ಶುರು ಮಾಡಿದರು. ಪುಟ್ಟ .25 ಕ್ಯಾಲಿಬರಿನ ಪಿಸ್ತೂಲು, ಅಂಗಡಿಯಲ್ಲಿ 100 ಡಾಲರಿಗೂ ಕಡಿಮೆ. ಆಮೇಲೆ ಮಗ, ಅಳಿಯ, ಸ್ನೇಹಿತ, ಹೀಗೆ ಒಬ್ಬೊಬ್ಬರೂ ಒಂದೊಂದು ಕಂಪನಿ ತೆರೆದರು. ಜೆನಿಂಗ್ಸ್, ಬ್ರೈಕೊ, ಡೇವಿಸ್, ಲಾರ್ಸಿನ್, ಫೀನಿಕ್ಸ್. ಎಲ್ಲವೂ ಲಾಸ್ ಏಂಜಲಿಸ್ ಸುತ್ತಮುತ್ತ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಡೇವಿಸ್ ಊರಿನ ಶಾಖೆ) ತುರ್ತು ಚಿಕಿತ್ಸಾ ವೈದ್ಯ ಗ್ಯಾರೆನ್ ವಿಂಟೆಮ್ಯೂಟ್ 1994ರಲ್ಲಿ ಈ ಬಳಗದ ಬಗ್ಗೆ ಒಂದು ವರದಿ ಬರೆದು ‘ರಿಂಗ್ ಆಫ್ ಫೈರ್’, ಅಂದರೆ ಬೆಂಕಿಯ ಬಳೆ, ಎಂದು ಕರೆದರು. ಹೆಸರು ಅಂಟಿಕೊಂಡಿತು. ಇವು ಮೂಲೆಯ ಸಣ್ಣಪುಟ್ಟ ಕಂಪನಿಗಳೇನಲ್ಲ. 1993ರಲ್ಲಿ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಪಿಸ್ತೂಲು ತಯಾರಿಸಿದ್ದು ಲಾರ್ಸಿನ್: ಒಂದೇ ವರ್ಷಕ್ಕೆ 3 ಲಕ್ಷಕ್ಕೂ ಜಾಸ್ತಿ.

ಇಷ್ಟು ಅಗ್ಗಕ್ಕೆ ಹೇಗೆ ಮಾಡಿದರು? ಲೋಹದ ಆಯ್ಕೆ ಅರ್ಧ ಉತ್ತರ. ಒಳ್ಳೆಯ ಪಿಸ್ತೂಲಿನ ಸ್ಲೈಡನ್ನು, ಅಂದರೆ ಗುಂಡು ಹಾರಿದಾಗ ಹಿಂದೆ ಸರಿದು ಮುಂದೆ ಬರುವ ಮೇಲ್ಭಾಗವನ್ನು, ಉಕ್ಕಿನ ಗಟ್ಟಿಯಿಂದ ಕಡೆಯುತ್ತಾರೆ. ಇವರು ಸತುವಿನ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಒತ್ತಿದರು. ಜಮಕ್ ಎಂದು ಇದರ ಹೆಸರು. ಝಿಪ್‌ನ ತುದಿ, ಬಾಗಿಲ ಹಿಡಿ, ಮಕ್ಕಳ ಆಟಿಕೆ ಕಾರು ಇವೆಲ್ಲ ಇದರಲ್ಲೇ ಎರಕವಾಗುವುದು. 380 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಕರಗುತ್ತದೆ. ಅಚ್ಚಿನಿಂದ ಬಂದದ್ದಕ್ಕೆ ಹೆಚ್ಚು ಕಡೆತ ಬೇಡ, ಹಾಗಾಗಿ ಯಂತ್ರದ ಸಮಯ ಉಳಿಯುತ್ತದೆ. ನಳಿಗೆ, ತೋಟಾವನ್ನು ಕುಟ್ಟಿ ಸಿಡಿಸುವ ಫೈರಿಂಗ್ ಪಿನ್ ಇಂಥ ಭಾಗಗಳು ಮಾತ್ರ ಉಕ್ಕು.

ಇನ್ನರ್ಧ ಉತ್ತರ ವಿನ್ಯಾಸದಲ್ಲಿದೆ. ಗ್ಲಾಕ್‌ನಂಥ ಪಿಸ್ತೂಲಿನಲ್ಲಿ ಗುಂಡು ಸಿಡಿಯುವ ಕ್ಷಣ ನಳಿಗೆಯೂ ಸ್ಲೈಡೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಒತ್ತಡ ಇಳಿದ ಮೇಲೆ ಬಿಟ್ಟುಕೊಳ್ಳುತ್ತವೆ. ಅಗ್ಗದವುಗಳಲ್ಲಿ ಆ ಕಚ್ಚುವ ಏರ್ಪಾಡೇ ಇಲ್ಲ. ಸ್ಲೈಡಿನ ಭಾರ ಮತ್ತು ಸ್ಪ್ರಿಂಗ್ ಮಾತ್ರ ಚೇಂಬರನ್ನು, ಅಂದರೆ ಗುಂಡು ಕೂರುವ ಗೂಡನ್ನು, ಮುಚ್ಚಿ ಹಿಡಿಯಬೇಕು. ಇದನ್ನು ಬ್ಲೋಬ್ಯಾಕ್ ಅನ್ನುತ್ತಾರೆ. .25, .32ರಂಥ ಸಣ್ಣ ಗುಂಡಿಗೆ ಇದು ಸಾಕು, ದುಬಾರಿ ಕಂಪನಿಗಳೂ ಬಳಸಿವೆ. ಆದರೆ 9 ಎಂಎಂ ಗುಂಡಿನ ಒತ್ತಡ ಚದರ ಇಂಚಿಗೆ 35,000 ಪೌಂಡ್‌ವರೆಗೆ ಹೋಗುತ್ತದೆ. ಅದನ್ನು ಬರೀ ಭಾರದಿಂದ ತಡೆಯಬೇಕೆಂದರೆ ಸ್ಲೈಡ್ ದಪ್ಪಗೆ ಇರಲೇಬೇಕು. ಸತುವಿನ ಮಿಶ್ರಲೋಹ ಉಕ್ಕಿಗಿಂತ ಹಗುರ, ಹಾಗಾಗಿ ಅದೇ ತೂಕ ಬರಬೇಕಾದರೆ ಇನ್ನೂ ದಪ್ಪ. ಹೈ-ಪಾಯಿಂಟ್ ಇಟ್ಟಿಗೆಯ ಹಾಗೆ ಕಾಣುವುದು ಇದೇ ಕಾರಣಕ್ಕೆ. 8 ಗುಂಡು ಹಿಡಿಯುವ ಸಿ-9 ಸುಮಾರು 820 ಗ್ರಾಂ ತೂಗುತ್ತದೆ. 15 ಗುಂಡು ಹಿಡಿಯುವ ಗ್ಲಾಕ್ 19 ಸುಮಾರು 600 ಗ್ರಾಂ. ಅಂದವಿಲ್ಲ, ನಿಜ. ಹಾಗಂತ ಅದು ಕೆಲಸ ಮಾಡದು ಅಂತ ಇದರಿಂದ ಹೇಳೋಕೆ ಬರಲ್ಲ.

ಕಾನೂನು ಮಾಡುವವರು ಹಿಡಿದುಕೊಂಡದ್ದು ಮಾತ್ರ ಲೋಹವನ್ನೇ. ಇಲಿನಾಯ್ ರಾಜ್ಯ 800 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 427 ಸೆಲ್ಸಿಯಸ್‌ಗಿಂತ, ಕಡಿಮೆ ಶಾಖಕ್ಕೆ ಕರಗುವ ಪಿಸ್ತೂಲುಗಳ ಮಾರಾಟ ನಿಲ್ಲಿಸಿತು. ಮಿನೆಸೋಟಾ 1000 ಫ್ಯಾರನ್‌ಹೀಟ್ ಗೆರೆ ಎಳೆಯಿತು. ಇದು ನನಗೆ ವಿಚಿತ್ರ ಅನ್ನಿಸುತ್ತದೆ. ಪಿಸ್ತೂಲನ್ನು ಯಾರೂ ಒಲೆ ಮೇಲೆ ಇಡುವುದಿಲ್ಲ. ಕೆಳಗೆ ಬಿದ್ದರೆ ಏನಾಗುತ್ತದೆ, ಗುಂಡು ತೆಗೆಯುವಾಗ ಏನಾಗುತ್ತದೆ ಅನ್ನುವುದನ್ನು ಈ ಕಾನೂನು ಕೇಳಲೇ ಇಲ್ಲ. ಅಗ್ಗದ್ದನ್ನು ಗುರುತಿಸಲು ಒಂದು ಸುಲಭದ ಗುರುತು ಬೇಕಿತ್ತು, ಕರಗುವ ಬಿಂದು ಸಿಕ್ಕಿತು.

ನಿಜವಾದ ದೋಷ ಎಲ್ಲಿತ್ತು ಎನ್ನುವುದನ್ನು ತೋರಿಸಿದ್ದು ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆ. 1994ರಲ್ಲಿ ವಿಲಿಟ್ಸ್ ಎಂಬ ಸಣ್ಣ ಊರಿನ ಮನೆಯೊಂದರಲ್ಲಿ ಬ್ರೈಕೊ ಕಂಪನಿಯ ಮಾಡೆಲ್ 38 ಪಿಸ್ತೂಲಿತ್ತು. ಅದರಲ್ಲಿ ಗುಂಡಿದೆ ಎಂದು ಗೊತ್ತಾದಾಗ, ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಯುವಕ ಅದನ್ನು ಖಾಲಿ ಮಾಡಲು ಹೊರಟ. ಈ ಪಿಸ್ತೂಲಿನ ವಿನ್ಯಾಸ ಹೇಗಿತ್ತೆಂದರೆ, ಸೇಫ್ಟಿ ಹಾಕಿದ್ದಾಗ ಸ್ಲೈಡ್ ಹಿಂದಕ್ಕೆ ಬರುವುದಿಲ್ಲ. ಚೇಂಬರಿನ ಗುಂಡು ತೆಗೆಯಬೇಕಾದರೆ ಮೊದಲು ಸೇಫ್ಟಿ ತೆಗೆಯಬೇಕು. ಅಂದರೆ ಪಿಸ್ತೂಲನ್ನು ನಿರಪಾಯಕಾರಿ ಮಾಡುವ ಹೊತ್ತಿಗೇ ಅದು ಅತಿ ಅಪಾಯದ ಸ್ಥಿತಿಯಲ್ಲಿರುತ್ತದೆ. ಹಾಗೆ ತೆಗೆಯುವಾಗ ಗುಂಡು ಹಾರಿತು. 7 ವರ್ಷದ ಹುಡುಗನಿಗೆ ಬಿತ್ತು. ಕುತ್ತಿಗೆಯಿಂದ ಕೆಳಗೆ ಅವನ ಮೈ ಸ್ವಾಧೀನ ಕಳೆದುಕೊಂಡಿತು.

2003ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ತಪ್ಪು ಬರೀ ಆ ಯುವಕನದ್ದಲ್ಲ, ಗುಂಡಿಟ್ಟ ಪಿಸ್ತೂಲು ಮನೆಯಲ್ಲಿಟ್ಟವರದ್ದು ಮಾತ್ರವೂ ಅಲ್ಲ, ವಿನ್ಯಾಸದಲ್ಲೂ ದೋಷವಿದೆ ಎಂದಿತು. ಕಂಪನಿ ಮತ್ತು ಅದರ ಒಡೆಯರ ಪಾಲಿಗೆ ಸುಮಾರು 2 ಕೋಟಿ 40 ಲಕ್ಷ ಡಾಲರ್ ಪರಿಹಾರ ಬಿತ್ತು. ಬೆನ್ನಿಗೇ ಬ್ರೈಕೊ ದಿವಾಳಿ ಅರ್ಜಿ ಹಾಕಿತು. 2004ರಲ್ಲಿ ಅದರ ಆಸ್ತಿ ಹರಾಜಿಗೆ ಬಂದಾಗ ಗಾಯಗೊಂಡ ಹುಡುಗ, ಅಷ್ಟು ಹೊತ್ತಿಗೆ ಹದಿಹರೆಯದವನು, ದೇಣಿಗೆ ಕೂಡಿಸಿ ಕಂಪನಿಯನ್ನು ತಾನೇ ಕೊಂಡು ಉಳಿದ ಪಿಸ್ತೂಲುಗಳನ್ನೆಲ್ಲ ಕರಗಿಸಿಬಿಡಲು ನೋಡಿದ. ಸ್ವಲ್ಪದರಲ್ಲೇ ಕೈತಪ್ಪಿತು. ಕಾರ್ಖಾನೆಯ ಹಳೇ ಮೇಲ್ವಿಚಾರಕ 5 ಲಕ್ಷ 10 ಸಾವಿರ ಡಾಲರಿಗೆ ಕೊಂಡು, ಹಿಮೆನೆಜ್ ಆರ್ಮ್ಸ್ ಎಂಬ ಹೊಸ ಹೆಸರಲ್ಲಿ ಅದೇ ಧಾಟಿಯ ಪಿಸ್ತೂಲು ತಯಾರಿಸಿದ. ಆ ಕಂಪನಿ 2020ರಲ್ಲಿ ತಾನೂ ದಿವಾಳಿಯಾಯಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ: ಸೇಫ್ಟಿ ಹಾಕಿಟ್ಟೇ ಗುಂಡು ತೆಗೆಯುವ ಹಾಗೆ ಮಾಡಲು ಎಷ್ಟು ಖರ್ಚು? ಹೆಚ್ಚೇನಲ್ಲ. ಫೈರಿಂಗ್ ಪಿನ್‌ಗೆ ಅಡ್ಡ ನಿಲ್ಲುವ ಒಂದು ಪುಟ್ಟ ತಡೆ ಇಟ್ಟಿದ್ದರೆ ಕೆಳಗೆ ಬಿದ್ದಾಗ ಹಾರುವ ಅಪಾಯವೂ ಬಹಳ ಕಡಿಮೆಯಾಗುತ್ತಿತ್ತು. ಅದೂ ಚಿಕ್ಕ ಭಾಗ. ರಿಂಗ್ ಆಫ್ ಫೈರ್ ಕಂಪನಿಗಳು ಮಾಡಲಿಲ್ಲ, ಯಾಕೆಂದರೆ ಮಾಡಿ ಅಂತ ಹೇಳುವವರೇ ಇರಲಿಲ್ಲ.

ಇದನ್ನು ನಮ್ಮ ಕಡೆಯವರಿಗೆ ನಂಬಿಸುವುದು ಕಷ್ಟ. ನಮ್ಮಲ್ಲಿ 2021ರಿಂದ ಐಎಸ್‌ಐ ಗುರುತಿಲ್ಲದ ಪ್ರೆಷರ್ ಕುಕ್ಕರ್ ಮಾರುವ ಹಾಗಿಲ್ಲ. ಅಮೆರಿಕದಲ್ಲಿ ಪಿಸ್ತೂಲಿಗೆ ಅಂಥ ಗುರುತು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯೇ ಇಲ್ಲ. 1972ರಲ್ಲಿ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗ ಹುಟ್ಟಿತು. ಟೋಸ್ಟರು, ತೊಟ್ಟಿಲು, ಆಟಿಕೆ ಎಲ್ಲವೂ ಅದರ ಕಣ್ಣಿನ ಅಡಿಯಲ್ಲಿ. ಬಂದೂಕು ಮತ್ತು ತೋಟಾ ಮಾತ್ರ ಹೊರಗೆ. 1976ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಇದನ್ನು ಇನ್ನೂ ಬಿಗಿ ಮಾಡಿತು. ದೋಷವಿರುವ ಪಿಸ್ತೂಲನ್ನು ವಾಪಸ್ ತರಿಸಿಕೊಳ್ಳಿ ಎಂದು ಕಂಪನಿಗೆ ಆದೇಶಿಸುವ ಅಧಿಕಾರ ಆಯೋಗಕ್ಕಿಲ್ಲ. ಉದ್ಯಮದ್ದೇ ಆದ ಸಾಮಿ ಎಂಬ ಸಂಸ್ಥೆ ಮಾನದಂಡ ಬರೆಯುತ್ತದೆ, ಪಾಲಿಸುವುದು ಬಿಡುವುದು ಕಂಪನಿಗೆ ಬಿಟ್ಟಿದ್ದು. ಯುರೋಪಿನ ಹಲವು ದೇಶಗಳಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಬಂದೂಕೂ ಪ್ರೂಫ್ ಹೌಸ್ ಎಂಬ ಅಧಿಕೃತ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಮಾಮೂಲಿಗಿಂತ ಜೋರಾದ ತೋಟಾ ಹಾರಿಸಿಕೊಂಡು, ಮುದ್ರೆ ಹಾಕಿಸಿಕೊಂಡೇ ಅಂಗಡಿಗೆ ಬರಬೇಕು.

ಕೆಲವು ರಾಜ್ಯಗಳು ತಾವೇ ಈ ಕೆಲಸಕ್ಕೆ ಕೈ ಹಾಕಿದವು. ಮೇರಿಲ್ಯಾಂಡ್‌ನ ಮೇಲ್ಮನವಿ ನ್ಯಾಯಾಲಯ 1985ರಲ್ಲಿ, ಅಗ್ಗದ ಪುಟ್ಟ ಪಿಸ್ತೂಲಿನ ತಯಾರಕರು ಅಪರಾಧದಲ್ಲಿ ಗಾಯಗೊಂಡವರಿಗೂ ಹೊಣೆ ಎಂದು ತೀರ್ಪಿತ್ತಿತು. 1988ರಲ್ಲಿ ರಾಜ್ಯ ಆ ತೀರ್ಪನ್ನು ಕಾನೂನಿನಿಂದ ಬದಿಗಿಟ್ಟು, ಯಾವ ಪಿಸ್ತೂಲು ಮಾರಬಹುದು ಎಂದು ಪಟ್ಟಿ ಮಾಡುವ ಮಂಡಳಿ ರಚಿಸಿತು. ಬಂದೂಕು ಲಾಬಿ ಈ ಕಾನೂನನ್ನು ಜನಮತಕ್ಕೆ ಎಳೆದು ಸೋತಿತು. ನನಗೆ ಇದಕ್ಕಿಂತ ಮೆಚ್ಚುಗೆಯಾಗುವುದು ಕ್ಯಾಲಿಫೋರ್ನಿಯಾ 1999ರಲ್ಲಿ ಮಾಡಿ 2001ರಿಂದ ಜಾರಿಗೆ ತಂದ ಕಾನೂನಿನ ಮೊದಲ ರೂಪ. ಅದು ಬೆಲೆ ಕೇಳಲಿಲ್ಲ, ಲೋಹ ಕೇಳಲಿಲ್ಲ. ಒಂದೇ ಮಾಡೆಲಿನ ಮೂರು ಪಿಸ್ತೂಲು ತನ್ನಿ. ಒಂದೊಂದರಿಂದಲೂ 600 ಗುಂಡು ಹಾರಿಸಿ. ಮೊದಲ 20ರಲ್ಲಿ ಒಂದೂ ತೊಡಕಾಗಬಾರದು, ಒಟ್ಟಿನಲ್ಲಿ ಆರಕ್ಕಿಂತ ಜಾಸ್ತಿ ಆಗಬಾರದು. ಆಮೇಲೆ ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಆರು ಭಂಗಿಯಲ್ಲಿ ಬೀಳಿಸಿ, ಗುಂಡು ಹಾರಬಾರದು. ಪಾಸಾದರೆ ಮಾರಿ. ಮುಂದೆ ಇದೇ ಕಾನೂನಿಗೆ ಮೈಕ್ರೋಸ್ಟಾಂಪಿಂಗ್‌ನಂಥ (ಹಾರಿದ ತೋಟಾದ ಮೇಲೆ ಪಿಸ್ತೂಲಿನ ಗುರುತು ಮೂಡಿಸುವ ಏರ್ಪಾಡು), ಮಾರುಕಟ್ಟೆಯಲ್ಲಿ ಯಾರೂ ಕೊಡದ ಷರತ್ತುಗಳನ್ನು ಪೇರಿಸಿ, ಹೊಸ ಪಿಸ್ತೂಲುಗಳೇ ಬರದ ಹಾಗೆ ಮಾಡಿದ್ದು ಬೇರೆ ರಗಳೆ, ಅದು ಇನ್ನೂ ಕೋರ್ಟಿನಲ್ಲಿ ಎಳೆದಾಡುತ್ತಿದೆ. ಲಾರ್ಸಿನ್, ಡೇವಿಸ್ ಎರಡೂ ಆ ಹೊತ್ತಿಗೇ ಮುಳುಗಿದ್ದವು.

ಇವತ್ತಿನ ಅಗ್ಗದ ಪಿಸ್ತೂಲು ಆ ಕಾಲದ ವಂಶದ್ದಲ್ಲ. ಗ್ಲಾಕ್ 1980ರ ದಶಕದಲ್ಲಿ ಪ್ಲಾಸ್ಟಿಕ್ ಚೌಕಟ್ಟು ತಂದಾಗ ಎಲ್ಲರೂ ನಕ್ಕರು. ಅಚ್ಚಿನಲ್ಲಿ ಒತ್ತಿದ ಪಾಲಿಮರ್ ಚೌಕಟ್ಟು ಅಗ್ಗವೂ ಹೌದು, ಗಟ್ಟಿಯೂ ಹೌದು ಎಂದು ಗೊತ್ತಾದ ಮೇಲೆ ಇಡೀ ಉದ್ಯಮ ಅತ್ತ ತಿರುಗಿತು. ಕಂಪ್ಯೂಟರ್ ನಡೆಸುವ ಕಡೆತದ ಯಂತ್ರಗಳು ಅಗ್ಗವಾದವು. ಗ್ಲಾಕ್‌ನ ಹಳೇ ಪೇಟೆಂಟುಗಳ ಅವಧಿ ಮುಗಿಯಿತು. ಬ್ರೆಜಿಲ್‌ನ ಟಾರಸ್, ಟರ್ಕಿಯ ಕನಿಕ್, ಅಮೆರಿಕದ್ದೇ ರೂಗರ್ ಇವೆಲ್ಲ 200ರಿಂದ 400 ಡಾಲರ್ ನಡುವೆ ಉಕ್ಕಿನ ಸ್ಲೈಡ್, ನಳಿಗೆ ಕಚ್ಚಿಕೊಳ್ಳುವ ವಿನ್ಯಾಸ, ಫೈರಿಂಗ್ ಪಿನ್ ತಡೆ ಇರುವ ಪಿಸ್ತೂಲು ಮಾರುತ್ತಿವೆ. ಟರ್ಕಿಯ ಲಿರಾ ಕುಸಿದದ್ದೂ ಅಲ್ಲಿನ ಕಂಪನಿಗಳಿಗೆ ಡಾಲರ್ ಮಾರುಕಟ್ಟೆಯಲ್ಲಿ ಅನುಕೂಲವಾಯಿತು. ಇವುಗಳ ಅಗ್ಗಕ್ಕೆ ಕಾರಣ ಕೂಲಿ, ವಿನಿಮಯ ದರ, ಸರಳ ಫಿನಿಷಿಂಗ್. ಸೇಫ್ಟಿಯಲ್ಲಿ ಕಳ್ಳತನ ಮಾಡಿ ಉಳಿಸಿದ ದುಡ್ಡಲ್ಲ ಅದು.

ಹೈ-ಪಾಯಿಂಟ್ ಮಾತ್ರ ಈಗಲೂ ಹಳೇ ಜಮಕ್, ಹಳೇ ಬ್ಲೋಬ್ಯಾಕ್. ಆದರೂ ಅದು ರೇವನ್ ಅಲ್ಲ. ಅಷ್ಟು ದಪ್ಪ ಇಟ್ಟಿರುವುದರಿಂದ ತಾಳಿಕೆ ಬರುತ್ತದೆ. ಇದನ್ನು ಸಿಡಿಸಿ ತೋರಿಸುತ್ತೇವೆ ಅಂತ ಹೊರಟ ಯೂಟ್ಯೂಬ್‌ನವರು ಬೆವರು ಸುರಿಸಿದ್ದು ಉಂಟು. ತೊಡಕು ಬಂದರೆ ಹೆಚ್ಚಾಗಿ ಗುಂಡು ತುಂಬಿಡುವ ಮ್ಯಾಗಜೀನಿನಲ್ಲಿ. ತೆಳು ತಗಡಿನ ತುದಿಗಳು ಸರಿಯಾಗಿ ಬಾಗಿರದಿದ್ದರೆ ಗುಂಡು ಮೂಗು ಕೆಳಗೆ ಮಾಡಿ ಸಿಕ್ಕಿಕೊಳ್ಳುತ್ತದೆ. ಇದರ ಇನ್ನೊಂದು ವಿಶೇಷ ಜೀವನಪರ್ಯಂತದ ವಾರಂಟಿ. ಅದು ಮೊದಲ ಕೊಳ್ಳುವವನಿಗಷ್ಟೇ ಅಲ್ಲ, ಸೆಕೆಂಡ್ ಹ್ಯಾಂಡ್ ಕೊಂಡವನಿಗೂ. ಇದು ದೊಡ್ಡ ಮಾತು, ಮುಂದೆ ಹೇಳುತ್ತೇನೆ.

ಹಾಗಂತ ಯೂಟ್ಯೂಬ್ ಪರೀಕ್ಷೆಯನ್ನೇ ನಂಬಿ ಕೂರುವ ಹಾಗೂ ಇಲ್ಲ. ಒಬ್ಬ ಒಂದು ಪಿಸ್ತೂಲಿನಿಂದ ಸಾವಿರ ಗುಂಡು ಹಾರಿಸಿದರೆ ಗೊತ್ತಾಗುವುದು ಆ ಒಂದು ಪಿಸ್ತೂಲಿನ ಜಾತಕ. ಅಗ್ಗದ ಕಂಪನಿಗಳ ನಿಜವಾದ ಕಷ್ಟ ಇಲ್ಲಿದೆ. ವಿನ್ಯಾಸ ಸರಿಯಾಗೇ ಇರಬಹುದು. ಕಾರ್ಖಾನೆಯ ಕೊನೆಯ ಮೇಜಿನಲ್ಲಿ ತಪಾಸಣೆಗೆ ಕೊಡುವ ನಿಮಿಷಗಳು ಕಡಿಮೆ. ಹಾಗಾಗಿ ಒಂದು ಪೀಸು ಚೊಕ್ಕಟವಾಗಿರುತ್ತದೆ, ಪಕ್ಕದ ಪೆಟ್ಟಿಗೆಯದ್ದು ರಿಪೇರಿಗೆ ಹೋಗುತ್ತದೆ. ಒಳ್ಳೆಯದು ಸಿಕ್ಕವನು ‘ಎಲ್ಲರೂ ಸುಮ್ನೆ ಬೈತಾರೆ’ ಎನ್ನುತ್ತಾನೆ, ಕೆಟ್ಟದ್ದು ಸಿಕ್ಕವನು ಜನ್ಮಪೂರ್ತಿ ಬೈಯುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೊಂಡವರು ಮೊದಲು ಒಂದಿನ್ನೂರು ಗುಂಡು ಹಾರಿಸಿ ನೋಡಿ ಅಂತ ಬಲ್ಲವರು ಹೇಳುವುದು ಇದಕ್ಕೇ. ಗುಂಡಿನ ಬೆಲೆ ಒಂದಕ್ಕೆ 25 ಸೆಂಟ್ ಆಸುಪಾಸು ಹಿಡಿದರೂ ಇನ್ನೂರಕ್ಕೆ 50 ಡಾಲರ್. ದುಡ್ಡು ಉಳಿಸೋಕೆ ಅಗ್ಗದ ಪಿಸ್ತೂಲು ಕೊಂಡವನು ಈ ಖರ್ಚನ್ನೇ ಮೊದಲು ಕತ್ತರಿಸುತ್ತಾನೆ, ಅದು ಬೇರೆ.

ಟಾರಸ್ ಕಥೆ ಇನ್ನೂ ಗಂಭೀರ. 2013ರಲ್ಲಿ ಅಯೋವಾ ರಾಜ್ಯದ ಒಬ್ಬ ಡೆಪ್ಯುಟಿ ಶೆರಿಫ್ ಆರೋಪಿಯನ್ನು ಅಟ್ಟಿಸಿಕೊಂಡು ಹೋಗುವಾಗ ಅವರ ಟಾರಸ್ ಪಿಸ್ತೂಲು ನೆಲಕ್ಕೆ ಬಿತ್ತು, ಗುಂಡು ಹಾರಿತು. ಸದ್ಯ, ಯಾರಿಗೂ ತಗುಲಲಿಲ್ಲ. ಅವರು ಹೂಡಿದ ಮೊಕದ್ದಮೆ ಎಲ್ಲ ಗ್ರಾಹಕರ ಪರವಾದ ದಾವೆಯಾಗಿ ಬೆಳೆಯಿತು. 2015ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆ ರಾಜಿಗೆ ಬಂತು. ಒಂಬತ್ತು ಮಾಡೆಲು, ಸುಮಾರು 10 ಲಕ್ಷ ಪಿಸ್ತೂಲು, 3 ಕೋಟಿ 90 ಲಕ್ಷ ಡಾಲರ್ ಮೊತ್ತ. ಆ ಮಾಡೆಲುಗಳಿಗೆ ಬಂದ ಕೆಟ್ಟ ಹೆಸರು ನ್ಯಾಯವಾದದ್ದೇ.

ಆದರೆ ಟಾರಸ್ ತನ್ನ ತವರಿನಲ್ಲಿ ಏನು ಮಾಡಿತು ಎನ್ನುವುದನ್ನು ನೋಡಿದರೆ ಬೆಲೆಯ ವಾದ ಕುಸಿಯುತ್ತದೆ. ಬ್ರೆಜಿಲ್‌ನಲ್ಲಿ ಟಾರಸ್ ಅಗ್ಗದ ಕಂಪನಿ ಅಲ್ಲ, ಅದೇ ದೊಡ್ಡಣ್ಣ. ದೇಶದೊಳಗೆ ತಯಾರಾಗುವಂಥ ಆಯುಧವನ್ನು ಹೊರಗಿಂದ ತರಬಾರದು ಎಂಬ ನಿಯಮ ಎಷ್ಟೋ ವರ್ಷ ಅದಕ್ಕೆ ಕೋಟೆ ಕಟ್ಟಿತ್ತು. ಸಾವೊ ಪೌಲೊದ ಮಿಲಿಟರಿ ಪೊಲೀಸರ ಕೈಯಲ್ಲಿದ್ದ ಟಾರಸ್ 24/7 ಪಿಸ್ತೂಲುಗಳು ತಾವಾಗೇ ಹಾರುತ್ತವೆ ಎಂದು ದೂರು ಎದ್ದು, 2013ರಲ್ಲಿ ಅವನ್ನು ತಪಾಸಣೆಗೆ ವಾಪಸ್ ತರಿಸಬೇಕಾಯಿತು. ಆ ಪೊಲೀಸರು ಕೊನೆಗೆ ಗ್ಲಾಕ್‌ನತ್ತ ಹೋದರು. ಅದೇ ಟಾರಸ್, ಅಮೆರಿಕದಲ್ಲಿ ಹತ್ತು ಕಂಪನಿಗಳ ಜತೆ ಗುದ್ದಾಡುತ್ತಾ, ವಕೀಲರ ಹೆದರಿಕೆಯಲ್ಲಿ, ಈಚಿನ ಜಿ3 ಸಾಲಿನ ಪಿಸ್ತೂಲುಗಳನ್ನು ಕಡಿಮೆ ಬೆಲೆಗೆ ಮಾರುತ್ತಾ ತಕ್ಕಮಟ್ಟಿಗೆ ಒಳ್ಳೆಯ ಹೆಸರು ಗಳಿಸುತ್ತಿದೆ. ಸ್ಪರ್ಧೆ ಇಲ್ಲದ ಕಡೆ ದುಬಾರಿಯೂ ಕೆಟ್ಟದಾಗುತ್ತದೆ.

ಇದು ನಮಗೂ ತಟ್ಟುವ ಮಾತು. ಭಾರತದಲ್ಲಿ ಸಾಮಾನ್ಯ ಜನ ಹೊಸ ಪಿಸ್ತೂಲನ್ನು ಹೊರದೇಶದಿಂದ ತರಿಸುವುದು 1980ರ ದಶಕದಿಂದ ನಿಂತಿದೆ. ಲೈಸೆನ್ಸ್ ಸಿಕ್ಕವರು ಬಹುಕಾಲ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯ .32 ಪಿಸ್ತೂಲು ರಿವಾಲ್ವರುಗಳಿಗೇ ಕೈ ಒಡ್ಡಬೇಕಿತ್ತು. ಕಾನ್ಪುರದ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ತಂದ ‘ನಿರ್ಭೀಕ್’ ರಿವಾಲ್ವರಿನ ಬೆಲೆ 1,22,360 ರೂಪಾಯಿ. ಆ ದುಡ್ಡಿಗೆ ಅಮೆರಿಕದಲ್ಲಿ ಮೂರು ಗ್ಲಾಕ್ ಬರುತ್ತಿದ್ದವು. ಬೆಲೆ ಲಕ್ಷ ದಾಟಿದ್ದರಿಂದ ಅದು ಗ್ಲಾಕ್‌ಗಿಂತ ಮೂರು ಪಟ್ಟು ಒಳ್ಳೆಯದು ಅಂತ ಯಾರಾದರೂ ಹೇಳ್ತಾರಾ? ಈಚೆಗೆ ಉತ್ತರ ಪ್ರದೇಶದಲ್ಲಿ ವೆಬ್ಲಿ ಹೆಸರಿನ ಖಾಸಗಿ ಕಾರ್ಖಾನೆ ಬಂದಿದೆ. ಟಾರಸ್ ಕೂಡ ಜಿಂದಾಲ್ ಗುಂಪಿನ ಜತೆ ಸೇರಿ ಹರಿಯಾಣದ ಹಿಸಾರ್‌ನಲ್ಲಿ ಘಟಕ ಹಾಕಿದೆ.

ದೊಡ್ಡ ಹೆಸರಿನ ಕಂಪನಿಗಳ ಕಡೆಗೂ ಒಂದು ನೋಟ ಹಾಯಿಸೋಣ. ರೂಗರ್ ಅಮೆರಿಕದ ಗೌರವಸ್ಥ ಹೆಸರು. 2008ರ ಒಂದೇ ವರ್ಷದಲ್ಲಿ ಅದು ಎಸ್‌ಆರ್9 ಮತ್ತು ಎಲ್‌ಸಿಪಿ ಎರಡನ್ನೂ ಬಿದ್ದರೆ ಹಾರಬಹುದು ಎಂಬ ಕಾರಣಕ್ಕೆ ವಾಪಸ್ ಕರೆಸಿಕೊಂಡಿತು. ತಾನಾಗೇ ಮುಂದೆ ಬಂದು ಮಾಡಿತು, ಅದಕ್ಕೆ ಮರ್ಯಾದೆ ಕೊಡಬೇಕು. ಸಿಗ್ ಸಾವರ್ ಅದಕ್ಕಿಂತಲೂ ಮೇಲಿನ ಸಾಲಿನದ್ದು. ಅದರ ಪಿ320 ಪಿಸ್ತೂಲು 2017ರ ಜನವರಿಯಲ್ಲಿ ಅಮೆರಿಕದ ಸೇನೆಯ ಗುತ್ತಿಗೆ ಗೆದ್ದಿತು, 58 ಕೋಟಿ ಡಾಲರ್‌ವರೆಗಿನದ್ದು. ಅದೇ ಆಗಸ್ಟ್‌ನಲ್ಲಿ, ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಗುಂಡು ಹಾರುತ್ತದೆ ಎಂಬುದು ಬಯಲಾಯಿತು. ನಮ್ಮ ಪಿಸ್ತೂಲು ಅಮೆರಿಕದ ಸುರಕ್ಷತಾ ಮಾನದಂಡಗಳನ್ನು ಪೂರೈಸುತ್ತದೆ ಎಂದು ಕಂಪನಿ ಹೇಳಿತು. ಹೇಳುತ್ತಲೇ ಪುಕ್ಕಟೆ ಟ್ರಿಗರ್ ಬದಲಾಯಿಸಿಕೊಡಲು ಶುರು ಮಾಡಿತು. ಆಮೇಲೆ ಬೀಳದೆಯೂ, ಟ್ರಿಗರ್ ಮುಟ್ಟದೆಯೂ ಹಾರಿತು ಎಂಬ ದೂರುಗಳು ಸಾಲುಗಟ್ಟಿದವು. 2024ರಲ್ಲಿ ಜಾರ್ಜಿಯಾದ ಜ್ಯೂರಿ 23.5 ಲಕ್ಷ, ಫಿಲಡೆಲ್ಫಿಯಾದ ಜ್ಯೂರಿ 1 ಕೋಟಿ 10 ಲಕ್ಷ ಡಾಲರ್ ಪರಿಹಾರ ಕೊಡಿಸಿದವು. ಕಂಪನಿ ಈಗಲೂ ದೋಷವಿಲ್ಲ ಎಂದೇ ವಾದಿಸುತ್ತಿದೆ. 2025ರಲ್ಲಿ ವಯೋಮಿಂಗ್‌ನ ವಾಯುನೆಲೆಯಲ್ಲಿ ಒಬ್ಬ ಯೋಧ ಸತ್ತಾಗ ವಾಯುಪಡೆಯ ಒಂದು ವಿಭಾಗ ಇದರ ಸೇನಾ ಮಾದರಿಯ ಬಳಕೆ ನಿಲ್ಲಿಸಿತು. ಆ ಪ್ರಕರಣದಲ್ಲಿ ಇನ್ನೊಬ್ಬ ಯೋಧನೇ ಬಂಧನಕ್ಕೊಳಗಾದ, ತಪಾಸಣೆಯ ನಂತರ ಪಿಸ್ತೂಲು ಮತ್ತೆ ಬಳಕೆಗೆ ಬಂತು. ಹಾಗಾಗಿ ಅದೊಂದನ್ನು ಪಿ320ರ ತಲೆಗೆ ಕಟ್ಟುವುದು ಸರಿಯಲ್ಲ. ಉಳಿದದ್ದು ಸಾಕಷ್ಟಿದೆ.

ಈಗ ಇದೇ ದೂರುಗಳು 200 ಡಾಲರಿನ ಪಿಸ್ತೂಲಿನ ಮೇಲೆ ಬಂದಿದ್ದರೆ? ‘ಅಗ್ಗದ್ದು ಕೊಂಡೆ, ಅನುಭವಿಸು’ ಎಂದು ಎರಡೇ ದಿನದಲ್ಲಿ ಮಾತು ಮುಗಿಯುತ್ತಿತ್ತು. ಸಿಗ್ ವಿಷಯದಲ್ಲಿ ಮಾತ್ರ ವರ್ಷಗಟ್ಟಲೆ ‘ಪೊಲೀಸಪ್ಪನೇ ಟ್ರಿಗರ್ ಒತ್ತಿರಬೇಕು’ ಎಂಬ ವಾದ ನಡೆಯಿತು. ಬೆಲೆ ಇಲ್ಲಿ ಸಾಕ್ಷಿಯ ಕೆಲಸ ಮಾಡುತ್ತಿದೆ. ಮಾಡಬಾರದು.

ಉಳಿದದ್ದು ಕಳ್ಳಕಾಕರ ಮಾತು. 1990ರ ದಶಕದಲ್ಲಿ ಪೊಲೀಸರು ಮೂಲ ಪತ್ತೆಗೆ ಕಳಿಸಿದ ಪಿಸ್ತೂಲುಗಳ ಪಟ್ಟಿಯಲ್ಲಿ ಲಾರ್ಸಿನ್, ರೇವನ್, ಡೇವಿಸ್ ಮೇಲೆ ಮೇಲೇ ಇದ್ದವು. ಈಗಿನ ಪಟ್ಟಿಯ ತುದಿಯಲ್ಲಿರುವುದು ಗ್ಲಾಕ್. ಟಾರಸ್, ಸ್ಮಿತ್ ಆಂಡ್ ವೆಸನ್ ಹಿಂದೆ ಹಿಂದೆ. ಅಂದರೆ ಯಾವುದು ಅಂಗಡಿಯಲ್ಲಿ ಹೆಚ್ಚು ಓಡುತ್ತದೋ ಅದೇ ಅಪರಾಧದಲ್ಲೂ ಹೆಚ್ಚು ಸಿಗುತ್ತದೆ. ಹೈ-ಪಾಯಿಂಟ್‌ಗೆ ಇಲ್ಲೂ ಕಳಂಕವಿದೆ. 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದಲ್ಲಿ ಅದರ ಕಾರ್ಬೈನ್ (ಗಿಡ್ಡ ನಳಿಗೆಯ ಉದ್ದ ಬಂದೂಕು) ಬಳಕೆಯಾಗಿತ್ತು. 2003ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿ ಒಬ್ಬ ವಿದ್ಯಾರ್ಥಿಗೆ ತಪ್ಪಿ ಬಿದ್ದ ಗುಂಡೂ ಅದರ ಪಿಸ್ತೂಲಿನದ್ದೇ. ಆ ಮೊಕದ್ದಮೆಯ ಕಡತ ನೋಡಿದರೆ ಲೋಹದ ದೋಷ, ವಿನ್ಯಾಸದ ದೋಷ ಯಾವುದೂ ಇಲ್ಲ. ಒಹಾಯೊದ ಬಂದೂಕು ಮೇಳದಲ್ಲಿ ಒಂದೇ ಸಲಕ್ಕೆ 80ಕ್ಕೂ ಜಾಸ್ತಿ ಪಿಸ್ತೂಲು ಕೊಂಡವನಿಗೆ ನಗುನಗುತ್ತಾ ಮಾರಿದ್ದಾರೆ. ಅಷ್ಟು ಸಂಖ್ಯೆಯಲ್ಲಿ ಕೊಳ್ಳೋಕೆ ಅಗ್ಗದ ಬೆಲೆ ಅನುಕೂಲ ಮಾಡಿತು, ನಿಜ. ಮಾರುವವನ ಕಣ್ಣು ಮುಚ್ಚಿಸಿದ್ದು ಬೆಲೆ ಅಲ್ಲ. ಮಾರಿದವನ ಮೇಲೆ ತನಗೆ ಅಧಿಕಾರವಿಲ್ಲ ಎಂದು ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ 2019ರಲ್ಲಿ ಕೈತೊಳೆದುಕೊಂಡಿತು.

ಬಡವರ ಪರವಾದ ವಾದವನ್ನೂ ತಳ್ಳಿಹಾಕುವ ಹಾಗಿಲ್ಲ. ಕೆಟ್ಟ ಕೇರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಒಂಟಿ ಹೆಂಗಸಿಗೆ 600 ಡಾಲರ್ ಹೊಂದಿಸುವುದು ಆಗದ ಮಾತು, ಅವಳ ಆತ್ಮರಕ್ಷಣೆಯ ಹಕ್ಕಿಗೆ ಬೆಲೆ ಕಟ್ಟಬೇಡಿ ಎನ್ನುತ್ತಾರೆ. ಅಗ್ಗದ ಪಿಸ್ತೂಲಿನ ವಿರುದ್ಧದ ಕಾನೂನುಗಳ ಹಿಂದೆ ಕರಿಯರ ಕೈಗೆ ಆಯುಧ ಹೋಗಬಾರದೆಂಬ ಹಳೇ ಭಯ ಇತ್ತೆಂದು ಹೇಳುವವರಿದ್ದಾರೆ, ಅಮೆರಿಕದ ಇತಿಹಾಸ ನೋಡಿದರೆ ಆ ಗುಮಾನಿ ಸುಳ್ಳಲ್ಲ. ಆದರೆ ಈ ವಾದ ಮಾಡುವವರಲ್ಲಿ ಹಲವರು, ಆ ಹೆಂಗಸಿಗೆ ಸಿಗುವ ಪಿಸ್ತೂಲು ಬಿದ್ದಾಗ ಹಾರದಂತಿರಲಿ ಎಂದು ಸರ್ಕಾರ ಪರೀಕ್ಷೆ ಮಾಡುವುದನ್ನೂ ವಿರೋಧಿಸುತ್ತಾರೆ. ಅದು ನನಗೆ ಅರ್ಥವಾಗುವುದಿಲ್ಲ. ಇನ್ನೊಂದು ಲೆಕ್ಕ ಈ ಜಗಳದಲ್ಲಿ ಮರೆತೇ ಹೋಗುತ್ತದೆ: ಅಮೆರಿಕದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಅಲ್ಲಿ ಪಿಸ್ತೂಲಿನ ಬೆಲೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರು ಸಾಮಾನ್ಯವಾಗಿ ಬಂದೂಕು ಕೊಳ್ಳುವ ಹಾಗೂ ಇಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಬೇಟೆ ಲೈಸೆನ್ಸ್ ಇರುವವರಿಗೆ ಮತ್ತು ಇನ್ನು ಕೆಲವರಿಗಷ್ಟೇ ವಿನಾಯಿತಿ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಹಾಗೆ ಕೊಳ್ಳುವವರು ಬೆಲೆಗಿಂತ ಮೊದಲು ನೋಡಬೇಕಾದ್ದು ಆ ಮಾಡೆಲಿಗೆ ವಾಪಸಾತಿ ನೋಟಿಸ್ ಬಂದಿದೆಯೇ, ಸೀರಿಯಲ್ ನಂಬರ್ ಅದರಲ್ಲಿದೆಯೇ ಎಂಬುದನ್ನು. ಫೈರಿಂಗ್ ಪಿನ್ ತಡೆ ಇದೆಯೇ, ಸೇಫ್ಟಿ ಹಾಕಿಟ್ಟೇ ಗುಂಡು ತೆಗೆಯಲು ಬರುತ್ತದೆಯೇ ಎಂದು ಅಂಗಡಿಯವನನ್ನು ಕೇಳಿ. ಉತ್ತರ ಗೊತ್ತಿಲ್ಲದ ಅಂಗಡಿಯಾದರೆ ಮುಂದಿನ ಅಂಗಡಿಗೆ ಹೋಗಿ.

ಕೆಟ್ಟ ಹೆಸರು ಇವತ್ತಿಗೂ ಪೂರ್ತಿ ಸಲ್ಲುವ ಅಗ್ಗದ ಪಿಸ್ತೂಲುಗಳೂ ಇವೆ. ರೇವನ್, ಬ್ರೈಕೊ, ಲಾರ್ಸಿನ್‌ಗಳು ಲಕ್ಷಗಟ್ಟಲೆ ತಯಾರಾದವು. ಕಾರ್ಖಾನೆಗಳು ಮುಚ್ಚಿದವು, ಪಿಸ್ತೂಲುಗಳು ಎಲ್ಲಿಗೂ ಹೋಗಲಿಲ್ಲ. ಅಜ್ಜನ ಪೆಟ್ಟಿಗೆಯಿಂದ ಮೊಮ್ಮಗನಿಗೆ, ಗಿರವಿ ಅಂಗಡಿಯಿಂದ ಇನ್ಯಾರಿಗೋ ಕೈ ಬದಲಾಗುತ್ತಲೇ ಇವೆ. ಹೈ-ಪಾಯಿಂಟ್ ಕೆಟ್ಟರೆ ಒಹಾಯೊಗೆ ಕಳಿಸಬಹುದು, ಟಾರಸ್ ಕೆಟ್ಟರೆ ಜಾರ್ಜಿಯಾಕ್ಕೆ. ಇವನ್ನು ಕಳಿಸಲು ವಿಳಾಸವೇ ಇಲ್ಲ. ಸವೆದ ಜಮಕ್ ಸ್ಲೈಡಿಗೆ ಹೊಸದು ಸಿಗುವುದಿಲ್ಲ, ವಾಪಸ್ ಕರೆಸಿಕೊಳ್ಳಲು ಕಂಪನಿ ಉಳಿದಿಲ್ಲ. ಹಾಗೆ ಒಂದು ಕೈಗೆ ಬಂದರೆ ಅದರ ಚೇಂಬರಿನಲ್ಲಿ ಗುಂಡಿಡಬೇಡಿ. ಕೆಲವು ಊರುಗಳ ಪೊಲೀಸರು ಆಗಾಗ ದುಡ್ಡು ಕೊಟ್ಟು ಹಳೇ ಬಂದೂಕು ವಾಪಸ್ ತೆಗೆದುಕೊಳ್ಳುತ್ತಾರೆ, ಅಲ್ಲಿ ಒಪ್ಪಿಸಿ ಬನ್ನಿ.